ಮೆಲ್ಲಗೆ ಬೀಸುವ ಕೈಗೆ ಒಪ್ಪುವ ಶಾಫ್ಟ್

ಜವಳಗೇರಾದ ಭತ್ತದ ಗದ್ದೆಯಲ್ಲಿ ಸಲಿಕೆಯ ಕಾವು ಹಿಡಿಯುವ ಕೈಗೆ ಒಪ್ಪಬೇಕು. 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನ ಹುಲ್ಲಿನ ಮೇಲೆ ಗಾಲ್ಫ್ ಕೋಲಿನ ಕಾವಿಗೂ, ಅಂದರೆ ಶಾಫ್ಟಿಗೂ, ಅದೇ ನ್ಯಾಯ. ವಯಸ್ಸಾದಂತೆ ಬೀಸಿನ ವೇಗ ತಗ್ಗುತ್ತದೆ. ಆಗ 120 ಗ್ರಾಂ ಆಸುಪಾಸಿನ ಉಕ್ಕಿನ ಶಾಫ್ಟ್ ಬಿಟ್ಟು 60 ಗ್ರಾಂ ಆಸುಪಾಸಿನ ಗ್ರಾಫೈಟ್ ಹಿಡಿದರೆ ತೋಳಿಗೆ ಹಗುರ, ಮೊಣಕೈಗೆ ಅದುರು ಕಡಿಮೆ.

ಶಾಫ್ಟಿನ ಮೇಲೆ ಅಕ್ಷರವಿರುತ್ತದೆ: ‘ಎಸ್’ ಬಿಗಿ, ‘ಆರ್’ ಸಾಧಾರಣ, ‘ಎ’ ಮೃದು. ದೂರ ಹೊಡೆಯುವ ಕೋಲಾದ ಡ್ರೈವರಿನ ಬೀಸು ಗಂಟೆಗೆ 85 ಮೈಲಿಗಿಂತ ಕಡಿಮೆಯಿದ್ದವರಿಗೆ ಸಾಮಾನ್ಯವಾಗಿ ‘ಎ’ ಒಪ್ಪುತ್ತದೆ. ಬೀಸಿನಲ್ಲಿ ಬಾಗಿ, ಚೆಂಡಿಗೆ ತಾಗುವ ಹೊತ್ತಿಗೆ ಮುಂದಕ್ಕೆ ಚಿಮ್ಮಿ, ಚೆಂಡನ್ನು ಎತ್ತರಕ್ಕೇರಿಸುವ ಅದರ ಚೆಂದ ನೋಡಬೇಕು. ಆದರೆ ಒಂದೊಂದು ಕಂಪನಿಯ ಅಳತೆ ಒಂದೊಂದು ಥರ. ಬರೀ ಅಕ್ಷರ ನಂಬಬೇಡಿ. ನಾಲ್ಕು ಚೆಂಡು ಹೊಡೆದು ನೋಡಿ, ಕೈ ಒಪ್ಪಿದ್ದನ್ನೇ ಕೊಳ್ಳಿ.