ಶಾಪವಿಮೋಚನೆಗೆ ಮುನ್ನ: ಅದ್ಭುತಕಥಾಕಾರನ ಅಸ್ವಾಸ್ಥ್ಯ ಮತ್ತು ಸಹೃದಯನ ದುಃಖ

ಕವಿಯ ಶೋಕವು ಶ್ಲೋಕವಾಗುವುದನ್ನೂ ಪಾತ್ರದ ದುಃಖವು ಸಹೃದಯನಲ್ಲಿ ಕರುಣರಸವಾಗಿ ಪರಿಣಮಿಸುವುದನ್ನೂ ಭಾರತೀಯ ಕಾವ್ಯಮೀಮಾಂಸೆ ಆಳವಾಗಿ ಚಿಂತಿಸಿದೆ. ಆದರೆ ಕವಿಯೇ ಗಂಭೀರ ರೋಗಕ್ಕೆ ತುತ್ತಾದನೆಂದು ತಿಳಿದಾಗ ಓದುಗನಲ್ಲಿ ಹುಟ್ಟುವ ದುಃಖ ಯಾವ ಬಗೆಯದು ಎಂಬ ಪ್ರಶ್ನೆಯನ್ನು ಅದು ಪ್ರತ್ಯೇಕವಾಗಿ ಎತ್ತಿಕೊಂಡಂತೆ ಕಾಣುವುದಿಲ್ಲ. ಇದು ಲೌಕಿಕ ಶೋಕವೆಂದು ಹೇಳಿ ಪಕ್ಕಕ್ಕೆ ಸರಿಸುವುದು ಸುಲಭ. ಆದರೆ ಎಂದೂ ಮುಖತಃ ಕಾಣದ ಒಬ್ಬ ವ್ಯಕ್ತಿಗಾಗಿ, ಅವನ ಬರಹವೊಂದನ್ನೇ ಬಲ್ಲ ಸಾವಿರಾರು ಜನ ಮರುಗುವುದು ಸಾಮಾನ್ಯ ಲೌಕಿಕ ಸಂಬಂಧದಿಂದ ವಿವರಿಸಲು ಬಾರದ ಸಂಗತಿ. ಅದರಲ್ಲಿಯೂ ಅದ್ಭುತಕಥೆಗಳನ್ನು ಬರೆದವರ ವಿಷಯದಲ್ಲಿ ಈ ದುಃಖ ಹೆಚ್ಚು ತೀವ್ರವಾಗಿರುವುದು ಕಂಡುಬರುತ್ತದೆ. ಇದಕ್ಕೆ ಕಾರಣ ಆ ಪ್ರಕಾರದ ರಚನೆಯಲ್ಲಿಯೇ ಇದೆಯೆಂಬುದನ್ನು ತೋರಿಸುವುದು ಪ್ರಸ್ತುತ ಟಿಪ್ಪಣಿಯ ಉದ್ದೇಶ.

ಈ ದುಃಖದ ಅತ್ಯಂತ ಹಳೆಯ ದಾಖಲೆಗಳಲ್ಲೊಂದು ಬಾಣನ 'ಕಾದಂಬರಿ'ಯೊಂದಿಗೆ ಅಂಟಿಕೊಂಡಿದೆ. ಏಳನೆಯ ಶತಮಾನದ ಈ ಗದ್ಯಕಾವ್ಯವನ್ನು ಮುಗಿಸುವ ಮುನ್ನವೇ ಬಾಣ ತೀರಿಕೊಂಡನು. ಉತ್ತರಭಾಗವನ್ನು ಪೂರೈಸಿದ ಅವನ ಮಗ, ಭೂಷಣಭಟ್ಟನೆಂದು ಪ್ರಸಿದ್ಧನಾದವನು, ತಾನು ಲೇಖನಿ ಹಿಡಿದ ಕಾರಣವನ್ನು ಆರಂಭದಲ್ಲಿಯೇ ಹೇಳಿದ್ದಾನೆ. ತಂದೆಯ ಮಾತಿನೊಂದಿಗೆ ಕಥೆಯೂ ತುಂಡಾಯಿತು; ಅದು ಮುಗಿಯಲಿಲ್ಲವೆಂದು ಸಜ್ಜನರು ಪಡುತ್ತಿದ್ದ ದುಃಖವನ್ನು ಕಂಡು ಈ ಕೆಲಸಕ್ಕೆ ಕೈಹಚ್ಚಿದೆನೇ ಹೊರತು ಕವಿತ್ವದ ದರ್ಪದಿಂದಲ್ಲ ಎಂಬುದು ಅವನ ಮಾತಿನ ತಾತ್ಪರ್ಯ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಮಗನು ತನ್ನ ಪಿತೃಶೋಕವನ್ನು ಮುಂದೆ ಮಾಡದೆ ಓದುಗರ ದುಃಖವನ್ನು ಮುಂದೆ ಮಾಡಿದ್ದಾನೆ. ಓದುಗರ ದುಃಖವು ಹೊಸ ಬರವಣಿಗೆಗೆ ಸಾಕಾದ ಕಾರಣವೆಂದು ಅವನು ಒಪ್ಪಿದ್ದಾನೆ.

ಆ ದುಃಖ ಬರಿಯ ಕುತೂಹಲಭಂಗವಲ್ಲ. ಬಾಣನ ಭಾಗ ನಿಲ್ಲುವುದು ಪತ್ರಲೇಖೆಯು ಕಾದಂಬರಿಯ ವಿರಹವನ್ನು ಚಂದ್ರಾಪೀಡನಿಗೆ ನಿವೇದಿಸುತ್ತಿರುವ ನಡುವೆ. ಈ ನಿವೇದನೆ ಇರುವುದು ಜಾಬಾಲಿ ಹೇಳುವ ಕಥೆಯೊಳಗೆ. ಜಾಬಾಲಿಯ ಕಥೆ ಇರುವುದು ಗಿಳಿಯು ಶೂದ್ರಕರಾಜನಿಗೆ ಹೇಳುವ ಕಥೆಯೊಳಗೆ. ಒಳಗಿನ ಕಥೆ ತುಂಡಾದರೆ ಹೊರಗಿನ ಗಿಳಿಗೂ ಬಿಡುಗಡೆಯಿಲ್ಲ. ವಾಸ್ತವವಾದಿ ಕಾದಂಬರಿಯೊಂದು ಅರ್ಧಕ್ಕೆ ನಿಂತರೆ ಓದುಗನು ತನ್ನ ಲೋಕಾನುಭವದಿಂದ ಉಳಿದುದನ್ನು ಊಹಿಸಿಕೊಳ್ಳಬಹುದು. ಸಾಲಗಾರನ ಗತಿ, ಮದುವೆಯ ಗತಿ, ಊರಿನ ರಾಜಕಾರಣದ ಗತಿ ಅವನಿಗೆ ತಕ್ಕಮಟ್ಟಿಗೆ ಗೊತ್ತು. ಅದ್ಭುತಕಥೆಯಲ್ಲಿ ಹಾಗಲ್ಲ. ಅಲ್ಲಿ ಶಾಪವುಂಟು, ಶಾಪಕ್ಕೆ ಒಂದು ನಿಬಂಧನೆಯುಂಟು. ವಿಮೋಚನೆಯ ಬಗೆ ಕಥಾಕಾರನೊಬ್ಬನಿಗೇ ಗೊತ್ತು. ಆ ಲೋಕದ ನಿಯಮಗಳಿಗೆ ಅವನ ಮನಸ್ಸಿನ ಹೊರಗೆ ಬೇರೆ ಆಧಾರವಿಲ್ಲ. ಆದ್ದರಿಂದ ಅವನು ಹಾಸಿಗೆ ಹಿಡಿದನೆಂದರೆ ಒಂದು ಲೋಕವೇ ಹಾಸಿಗೆ ಹಿಡಿದಂತೆ ಓದುಗನಿಗೆ ಭಾಸವಾಗುತ್ತದೆ.

ಸಹಸ್ರಮಾನದ ನಂತರ ಇದೇ ಪರಿಸ್ಥಿತಿ ಅಮೆರಿಕದಲ್ಲಿ ಮರುಕಳಿಸಿತು. ಬೃಹತ್ ಅದ್ಭುತಕಥಾಮಾಲೆಯೊಂದನ್ನು ಬರೆಯುತ್ತಿದ್ದ ರಾಬರ್ಟ್ ಜೋರ್ಡನ್ ತಮಗೆ ಹೃದಯಕ್ಕೆ ಸಂಬಂಧಿಸಿದ ಅಪರೂಪದ ರೋಗವಿದೆಯೆಂದು 2006ರಲ್ಲಿ ಓದುಗರಿಗೆ ತಾವೇ ತಿಳಿಸಿದರು. 2007ರ ಸೆಪ್ಟೆಂಬರ್ 16ರಂದು ನಿಧನರಾದರು. ಅವರು ಬಿಟ್ಟುಹೋದ ಟಿಪ್ಪಣಿಗಳನ್ನು ಆಧರಿಸಿ ಬ್ರ್ಯಾಂಡನ್ ಸ್ಯಾಂಡರ್ಸನ್ 2009ರಿಂದ 2013ರ ಅವಧಿಯಲ್ಲಿ ಮೂರು ಸಂಪುಟಗಳಲ್ಲಿ ಕಥೆಯನ್ನು ಮುಗಿಸಿದರು. ಭೂಷಣಭಟ್ಟನ ಕಾರ್ಯಕ್ಕೂ ಇದಕ್ಕೂ ತತ್ತ್ವತಃ ಅಂತರವಿಲ್ಲ. ಆದರೆ ಇಂಥ ಪೂರಣದಲ್ಲಿ ಹೊಲಿಗೆ ಕಾಣದೆ ಇರದು. ಕನ್ನಡ ಓದುಗನಿಗೆ ಈ ವಿಷಯದಲ್ಲಿ ಒಂದು ವಿಶೇಷ ಲಾಭ ದೊರೆತಿದೆ. ನಾಗವರ್ಮನ ಚಂಪೂಕಾವ್ಯವಾದ 'ಕರ್ಣಾಟಕ ಕಾದಂಬರಿ' ತಂದೆಮಕ್ಕಳ ಎರಡೂ ಭಾಗಗಳನ್ನು ಒಬ್ಬನೇ ಕವಿಯ ದನಿಯಲ್ಲಿ ತಂದಿತು. ಸಂಸ್ಕೃತದಲ್ಲಿ ಎದ್ದು ಕಾಣುವ ಮರಣದ ಗೆರೆ ಕನ್ನಡದಲ್ಲಿ ಅಳಿಸಿಹೋಯಿತು. ಅನುವಾದವು ಗಾಯ ಮಾಯಿಸಿದ ಉದಾಹರಣೆಯೆಂದು ಇದನ್ನು ಕರೆಯಬಹುದು. ಗಾಯದ ಗುರುತನ್ನೇ ಮರೆಸಿತೆಂದು ಆಕ್ಷೇಪಿಸಲೂಬಹುದು. ಈ ದೇಶದ ಎರಡು ನೆರೆಭಾಷೆಗಳಾದ ಕನ್ನಡ ಮತ್ತು ಮರಾಠಿಗಳು ಆಧುನಿಕ ಕಥಾಪ್ರಕಾರಕ್ಕೆ ಈ ಅಪೂರ್ಣ ಕೃತಿಯ ನಾಯಿಕೆಯ ಹೆಸರನ್ನೇ ಇಟ್ಟುಕೊಂಡಿರುವುದು ಅರ್ಥಪೂರ್ಣವಾಗಿದೆ.

ಎರಡನೆಯ ಮಾದರಿ ಗುಣಾಢ್ಯನದು. 'ಕಥಾಸರಿತ್ಸಾಗರ' ಹೇಳುವ ಪ್ರಕಾರ, ಪ್ರತಿಷ್ಠಾನದ ಸಾತವಾಹನರಾಜನು ತನ್ನ ಪೈಶಾಚೀ ಕಥೆಯನ್ನು ತಿರಸ್ಕರಿಸಿದಾಗ ಗುಣಾಢ್ಯನು ಕಾಡಿನಲ್ಲಿ ಒಂದೊಂದೇ ಎಲೆಯನ್ನು ಓದಿ ಬೆಂಕಿಗೆ ಹಾಕಿದನು. ಸುತ್ತ ಸೇರಿದ ಮೃಗಗಳು ಮೇವು ತೊರೆದು ಕಣ್ಣೀರಿಡುತ್ತ ಕೇಳಿದವು. ಒಣಗಿದ ಪ್ರಾಣಿಗಳ ಮಾಂಸ ತಿಂದ ರಾಜನೇ ರೋಗಿಯಾದನು. ಕಾರಣ ತಿಳಿದು ಅವನು ಓಡಿಬರುವ ವೇಳೆಗೆ ಏಳು ಲಕ್ಷದಲ್ಲಿ ಒಂದು ಲಕ್ಷ ಮಾತ್ರ ಉಳಿದಿತ್ತು. ದುರ್ಗಸಿಂಹನು ಕನ್ನಡ 'ಪಂಚತಂತ್ರ'ದ ಮೂಲವನ್ನು ಗುಣಾಢ್ಯನವರೆಗೆ ಒಯ್ಯುವುದರಿಂದ ಈ ಐತಿಹ್ಯ ನಮ್ಮ ಸಾಹಿತ್ಯಚರಿತ್ರೆಗೂ ಸೇರಿದ್ದು. ಕಥಾಕಾರನ ಸಂಕಟವು ಕೇಳುಗರ ದೇಹಕ್ಕೆ, ಅವರಿಂದ ನಾಡಿನ ದೇಹಕ್ಕೆ ಹರಡುತ್ತದೆಂಬ ಗ್ರಹಿಕೆ ಇದರಲ್ಲಿದೆ.

ಇಂಗ್ಲೆಂಡಿನ ಟೆರಿ ಪ್ರ್ಯಾಚೆಟ್ ಅವರ ಪ್ರಸಂಗವನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬಹುದು. 1983ರಿಂದ ಒಂದೇ ಕಲ್ಪಿತ ಲೋಕವನ್ನು ಕುರಿತು 41 ಕಾದಂಬರಿಗಳನ್ನು ರಚಿಸಿದ ಇವರು, ಅಲ್ಜೈಮರ್ ರೋಗದ ಅಪರೂಪದ ಬಗೆಯೊಂದು ತಮಗೆ ತಗುಲಿದೆಯೆಂದು 2007ರ ಡಿಸೆಂಬರಿನಲ್ಲಿ ಪ್ರಕಟಿಸಿದರು. ಮರುವರ್ಷ ಆ ರೋಗದ ಸಂಶೋಧನೆಗೆ 10 ಲಕ್ಷ ಡಾಲರ್ ನೀಡಿದಾಗ, ಅಷ್ಟೇ ಹಣವನ್ನು ತಾವೂ ಕೂಡಿಸಬೇಕೆಂದು ಓದುಗರು ಹೊರಟರು. ಬೆರಳಚ್ಚು ಅಸಾಧ್ಯವಾದ ಮೇಲೆ ಅವರು ಹೇಳಿ ಬರೆಸಿದರು. 2015ರ ಮಾರ್ಚ್ 12ರಂದು ಅವರು ನಿಧನರಾದಾಗ, ಅವರ ಕೃತಿಗಳಲ್ಲಿ ಪಾತ್ರವಾಗಿ ಬರುವ ಮೃತ್ಯುವಿಗೇ ಓದುಗರು ಅರ್ಜಿ ಬರೆದು ಲೇಖಕರನ್ನು ಹಿಂದಿರುಗಿಸಬೇಕೆಂದು ಕೋರಿದರು. ಸಾವಿತ್ರಿಯ ಕಥೆಯನ್ನು ಬಲ್ಲವರಿಗೆ ಇದು ವಿಚಿತ್ರವೆನಿಸದು. ದುಃಖಕ್ಕೆ ಭಾಷೆಯನ್ನು ಆ ಲೇಖಕರೇ ಒದಗಿಸಿದ್ದರು ಎಂಬುದು ಇಲ್ಲಿ ಮುಖ್ಯ. ಇನ್ನೊಂದೆಡೆ, ಅಪೂರ್ಣ ಬರಹಗಳಿದ್ದ ಹಾರ್ಡ್‌ಡಿಸ್ಕನ್ನು ಅವರ ಇಚ್ಛೆಯಂತೆ 2017ರಲ್ಲಿ ರೋಡ್ ರೋಲರಿನ ಕೆಳಗೆ ಹಾಕಿ ಪುಡಿಮಾಡಲಾಯಿತು. ಜೋರ್ಡನ್ ಬಾಣನ ದಾರಿಯಲ್ಲಿ ಹೋದರೆ ಪ್ರ್ಯಾಚೆಟ್ ಗುಣಾಢ್ಯನ ದಾರಿ ಹಿಡಿದರು. ವ್ಯತ್ಯಾಸವಿಷ್ಟೇ: ಗುಣಾಢ್ಯನು ಸುಟ್ಟದ್ದು ಅನಾದರದಿಂದ, ಇವರು ಅಳಿಸಿದ್ದು ಅತ್ಯಾದರದ ನಡುವೆ.

ಇಲ್ಲಿ ವಿಮರ್ಶೆಗೆ ಒಂದು ತೊಡಕು ಎದುರಾಗುತ್ತದೆ. ರೋಗದ ಸುದ್ದಿ ತಿಳಿದ ಮೇಲೆ ಕೊನೆಯ ಕೃತಿಗಳನ್ನು ಮೊದಲಿನಂತೆ ಓದುವುದು ಸಾಧ್ಯವಾಗುವುದಿಲ್ಲ. ಒಂದು ವಾಕ್ಯ ಸಡಿಲವಾದರೆ ಅದು ರೋಗಲಕ್ಷಣವೆನಿಸುತ್ತದೆ. ಒಂದು ವಿದಾಯದ ಮಾತು ಬಂದರೆ ಅದು ಲೇಖಕನ ವಿದಾಯವೆನಿಸುತ್ತದೆ. ಐರಿಸ್ ಮರ್ಡಾಕ್ ಅವರ 1995ರ ಕೊನೆಯ ಕಾದಂಬರಿಯ ಶಬ್ದಭಂಡಾರವನ್ನು ಹಿಂದಿನ ಕೃತಿಗಳೊಡನೆ ಹೋಲಿಸಿ, ಅದು ಕುಗ್ಗಿರುವುದನ್ನು 2005ರ ಅಧ್ಯಯನವೊಂದು ತೋರಿಸಿತು. ವೈದ್ಯಶಾಸ್ತ್ರಕ್ಕೆ ಇದು ಉಪಯುಕ್ತ. ಸಾಹಿತ್ಯವಿಮರ್ಶೆಯು ಇದನ್ನೇ ಮಾದರಿಯಾಗಿ ಹಿಡಿದರೆ ಕೃತಿಯು ತಪಾಸಣೆಯ ವರದಿಯಾಗುತ್ತದೆ. ಮರುಕದಿಂದ ದೋಷಗಳನ್ನು ಕ್ಷಮಿಸುತ್ತ ಹೋಗುವುದೂ ಅಷ್ಟೇ ಅಪಾಯಕರ. ಕೊನೆಯವರೆಗೂ ಲೇಖಕನಾಗಿಯೇ ಇರಬಯಸಿದವನನ್ನು ಅದು ರೋಗಿಯಾಗಿ ಮಾತ್ರ ಕಾಣುತ್ತದೆ.

ನಮ್ಮ ಹತ್ತಿರದ ಉದಾಹರಣೆ ಜಿ. ಎ. ಕುಲಕರ್ಣಿ. 1923ರಲ್ಲಿ ಜನಿಸಿದ ಈ ಮರಾಠಿ ಕಥೆಗಾರರು ದೀರ್ಘಕಾಲ ಧಾರವಾಡದಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದರು. 'ಕಾಜಳಮಾಯಾ' ಸಂಕಲನಕ್ಕೆ 1973ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. 1975ರ 'ರಮಲಖುಣಾ', 'ಸಾಂಜಶಕುನ' ಸಂಕಲನಗಳಲ್ಲಿ ಹೆಸರಿಲ್ಲದ ದೇಶಗಳು, ಯಾತ್ರಿಕರು, ಭವಿಷ್ಯವಾಣಿಗಳು ತುಂಬಿವೆ. ಬದುಕಿನ ಕೊನೆಯ ಘಟ್ಟದಲ್ಲಿ ಧಾರವಾಡ ಬಿಟ್ಟು ಪುಣೆಗೆ ಹೋದ ಅವರು 1987ರ ಡಿಸೆಂಬರ್ 11ರಂದು ಅಲ್ಲಿಯೇ ನಿಧನರಾದರು. ಪುಣೆಯಿಂದ ಸೋಲಾಪುರದತ್ತ ಸಾಗುವ ಹೆದ್ದಾರಿಯ ಮೇಲೆ, ದೌಂಡ ತಾಲೂಕಿನಲ್ಲಿರುವ ಕುರಕುಂಭದಂಥ ಔದ್ಯೋಗಿಕ ಊರಿನಲ್ಲಿ ನೆಲೆಸಿ, ಮನೆಯಲ್ಲಿ ಕನ್ನಡವನ್ನೂ ಹೊರಗೆ ಮರಾಠಿಯನ್ನೂ ಬಳಸುವ ಓದುಗನಿಗೆ ಜಿ. ಎ. ಎರಡು ಕಡೆಯಿಂದಲೂ ನೆರೆಯವರು: ಬಾಳಿದ್ದು ಅವನ ಒಂದು ಭಾಷೆಯ ನಾಡಿನಲ್ಲಿ, ಬರೆದದ್ದು ಇನ್ನೊಂದು ಭಾಷೆಯಲ್ಲಿ.

ಜಿ. ಎ. ಅವರ ಕಥೆಗಳು ಅಪೂರ್ಣವಲ್ಲ. ಅವುಗಳಲ್ಲಿ ಶಾಪವಿಮೋಚನೆಗೆ ಅವಕಾಶವೇ ಕಡಿಮೆ. ನಿಯತಿಯು ತನ್ನ ಲೆಕ್ಕವನ್ನು ಚುಕ್ತಾ ಮಾಡಿಯೇ ಹೋಗುತ್ತದೆ. ಹಾಗಾದರೆ ಅವರ ಓದುಗರು ಕಳೆದುಕೊಂಡದ್ದೇನು? ಸಭೆಸಮಾರಂಭಗಳಿಂದ ದೂರವಿದ್ದ ಅವರು ಹೊರಲೋಕದೊಂದಿಗೆ ಇಟ್ಟುಕೊಂಡಿದ್ದ ಸಂಬಂಧ ಬಹುಮಟ್ಟಿಗೆ ಪತ್ರಗಳದು. ಮರಣಾನಂತರ ಆ ಪತ್ರಗಳು ಹಲವು ಸಂಪುಟಗಳಾಗಿ ಹೊರಬಂದವು. ಕಥೆಗಳಲ್ಲಿ ನಿಷ್ಠುರವಾಗಿದ್ದ ದನಿ ಪತ್ರಗಳಲ್ಲಿ ಆಪ್ತವಾಗಿ ಹರಟುತ್ತಿತ್ತು. ನಿಂತದ್ದು ಈ ಎರಡನೆಯ ದನಿ. ಜೊತೆಗೆ ಇನ್ನೊಂದು ಎಚ್ಚರವೂ ಅಗತ್ಯ. ನಿಯತಿಯನ್ನು ಚಿತ್ರಿಸಿದ ಲೇಖಕನ ಅಂತ್ಯವನ್ನು ಅವನದೇ ಕಥೆಯೊಂದರಂತೆ ಓದುವ ಆಸೆ ಬಲವಾದದ್ದು. ಆದರೆ ಕಥೆಯ ನಿಯತಿಯನ್ನು ಆಯ್ದವನು ಲೇಖಕ. ದೇಹದ ಅಸ್ವಾಸ್ಥ್ಯವನ್ನು ಅವನು ಆಯ್ದಿರಲಿಲ್ಲ. ಈ ಎರಡನ್ನೂ ಒಂದುಗೂಡಿಸುವುದು ಕಥೆಗೂ ಅನ್ಯಾಯ, ಮನುಷ್ಯನಿಗೂ ಅನ್ಯಾಯ.

ಮೇಲಿನ ಚರ್ಚೆಯಿಂದ ಈ ದುಃಖದಲ್ಲಿ ಮೂರು ಎಳೆಗಳಿರುವುದು ವಿದಿತವಾಗುತ್ತದೆ. ಬಾಣನ ಸಜ್ಜನರದು ಕಥೆಯನ್ನು ಕುರಿತ ದುಃಖ, ಗುಣಾಢ್ಯನ ಮೃಗಗಳದು ಲೋಕವೊಂದರ ನಾಶವನ್ನು ಕುರಿತದ್ದು, ಜಿ. ಎ. ಅವರ ಓದುಗರದು ಒಂದು ದನಿಯನ್ನು ಕುರಿತದ್ದು. ರಸಸಿದ್ಧಾಂತದ ಪರಿಭಾಷೆಯಲ್ಲಿ ಇದು ರಸವಲ್ಲ. ಏಕೆಂದರೆ ಇಲ್ಲಿ ಲೌಕಿಕದಿಂದ ದೂರಸರಿಯುವ ಸೌಕರ್ಯವಿಲ್ಲ. ಆದರೂ ಇದು ರಸದಿಂದಲೇ ಹುಟ್ಟಿದ ಋಣ. ಅದನ್ನು ತೀರಿಸುವ ಬಗೆಯನ್ನು ಭೂಷಣಭಟ್ಟನೂ ನಾಗವರ್ಮನೂ ತಮ್ಮ ರೀತಿಯಲ್ಲಿ ತೋರಿಸಿದ್ದಾರೆ. ಮುಂದುವರಿಸಲು ಶಕ್ತಿಯಿಲ್ಲದ ಓದುಗನಿಗೆ ಉಳಿದಿರುವುದು ಗುಣಾಢ್ಯನ ಮೃಗಗಳ ದಾರಿ: ಎಲೆ ಇರುವವರೆಗೆ ಮೇವು ಮರೆತು ಕೇಳುವುದು. ವಿಮರ್ಶಕನು ಮಾಡಬೇಕಾದದ್ದೂ ಇದಕ್ಕಿಂತ ಬೇರೆಯಲ್ಲ. ಲೇಖಕನು ರೋಗಿಯೆಂಬ ಅರಿವನ್ನು ಅಡಗಿಸದೆ, ಅದಕ್ಕೆ ಕೃತಿಯನ್ನು ಒಪ್ಪಿಸಿಬಿಡದೆ, ಕೊನೆಯ ಪುಟವನ್ನೂ ಮೊದಲ ಪುಟದಷ್ಟೇ ಕಟ್ಟುನಿಟ್ಟಾಗಿ ಓದುವುದು ಅವನ ಕರ್ತವ್ಯವಾಗಿದೆ.