ವಿಶ್ವವಿದ್ಯಾನಿಲಯವೂ ಸೀಟು ಕೇಳದ ಪ್ರಜೆಯೂ

ನಮ್ಮ ನಾಡಿನಲ್ಲಿ ಉನ್ನತ ಶಿಕ್ಷಣವನ್ನು ಕುರಿತ ಚರ್ಚೆಯು ನಾಲ್ಕು ದಶಕಗಳಿಂದ ಶುಲ್ಕದ ಸುತ್ತಲೇ ತಿರುಗುತ್ತಿದೆ. ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಕರ್ನಾಟಕದ ಶಾಸನವು 1984ರದು. 1992ರಲ್ಲಿ, ಕರ್ನಾಟಕದಿಂದಲೇ ಹೋದ ಮೋಹಿನಿ ಜೈನ್ ಪ್ರಕರಣದಲ್ಲಿ, ಸರ್ವೋಚ್ಚ ನ್ಯಾಯಾಲಯವು ಶಿಕ್ಷಣದ ಹಕ್ಕು ಜೀವಿಸುವ ಹಕ್ಕಿನಲ್ಲಿಯೇ ಅಡಕವಾಗಿದೆಯೆಂದು ಸಾರಿತು. ಮರುವರ್ಷವೇ ಉನ್ನಿಕೃಷ್ಣನ್ ಪ್ರಕರಣದಲ್ಲಿ ಆ ಹಕ್ಕಿಗೆ ಹದಿನಾಲ್ಕು ವಯಸ್ಸಿನ ಮೇರೆ ಬಿದ್ದಿತು. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣವನ್ನು ಆಲಿಸಿದ ಹನ್ನೊಂದು ನ್ಯಾಯಮೂರ್ತಿಗಳ ಪೀಠವು, ಲಾಭಕೋರತನ ಕೂಡದು, ಯುಕ್ತವಾದ ಮಿಗುತೆ ಇರಬಹುದು ಎಂದಿತು. ಇವೆರಡರ ನಡುವಣ ಗೆರೆಯನ್ನು ಎಳೆಯುವ ಕೆಲಸ ಲೆಕ್ಕಿಗರ ಪಾಲಿಗೆ ಬಂದಿದೆ.

ಈ ತೀರ್ಪುಗಳ ಮಹತ್ತ್ವವನ್ನು ಅಲ್ಲಗಳೆಯಲಾಗದು. ಆದರೆ ಇವೆಲ್ಲವೂ ಬಗೆಹರಿಸಹೊರಟದ್ದು ಸೀಟಿನ ಪ್ರಶ್ನೆಯನ್ನು: ಅದು ಯಾರಿಗೆ, ಎಷ್ಟಕ್ಕೆ? ಸೀಟನ್ನು ಎಂದೂ ಕೇಳದವನಿಗೂ ವಿಶ್ವವಿದ್ಯಾನಿಲಯಕ್ಕೂ ಇರಬೇಕಾದ ಸಂಬಂಧವು ಅಲ್ಲಿ ವಿಚಾರಕ್ಕೆ ಬರಲಿಲ್ಲ. ಅಧ್ಯಾಪಕ ವರ್ಗವೂ ಅದನ್ನು ಎತ್ತಿದಂತೆ ಕಾಣುವುದಿಲ್ಲ.

1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮೊದಮೊದಲು ಓದಿದವರು ಪ್ರಜೆಗಳಲ್ಲಿ ಅತ್ಯಲ್ಪ ಭಾಗ. ಆ ಕಾಲವನ್ನು ಸುವರ್ಣಯುಗವೆಂದು ಬಣ್ಣಿಸುವವರ ಮಾತಿಗೆ ನನ್ನ ಸಮ್ಮತಿಯಿಲ್ಲ. ಖಾಸಗಿ ಕಾಲೇಜುಗಳು ಬಾರದಿದ್ದರೆ ಎಷ್ಟೋ ಮನೆತನಗಳು ಪದವೀಧರರನ್ನೇ ಕಾಣುತ್ತಿರಲಿಲ್ಲ. ಆದರೂ ಆ ಸಂಸ್ಥೆಯು 1930ರ ದಶಕದಲ್ಲಿ ಪ್ರಚಾರೋಪನ್ಯಾಸಗಳನ್ನು ಆರಂಭಿಸಿತು. ಪ್ರಾಧ್ಯಾಪಕರು ಊರುಗಳಿಗೆ ಹೋಗಿ ತಮ್ಮ ತಮ್ಮ ಶಾಸ್ತ್ರಗಳನ್ನು ಕನ್ನಡದಲ್ಲಿ ವಿವರಿಸಿದರು; ಆ ಮಾತುಗಳು ಅಲ್ಪ ಬೆಲೆಯ ಕಿರುಹೊತ್ತಗೆಗಳಾಗಿ ಹೊರಬಂದುವು. ಕುವೆಂಪು ಅವರು 1956ರಿಂದ 1960ರವರೆಗೆ ಉಪಕುಲಪತಿಗಳಾಗಿದ್ದಾಗ ಪ್ರಸಾರಾಂಗದ ಈ ಕಾರ್ಯಕ್ಕೆ ಹೊಸ ಬಲ ಬಂದಿತು. ಉಪಕಾರವಾದದ್ದು ಕೇಳುಗರಿಗೆ ಮಾತ್ರವೇ ಅಲ್ಲ. ಇಂಗ್ಲಿಷಿನಲ್ಲಿ ಪಾಠ ಹೇಳುತ್ತಿದ್ದವನು ತನ್ನ ವಿಷಯವನ್ನು ರೈತನಿಗೆ ತಿಳಿಯುವಂತೆ ಹೇಳಬೇಕಾದಾಗ, ಅದು ತನಗೆಷ್ಟು ತಿಳಿದಿದೆಯೆಂಬುದನ್ನೂ ಕಂಡುಕೊಳ್ಳಬೇಕಾಯಿತು. ಶುಲ್ಕವಾಗಲಿ ಪ್ರಮಾಣಪತ್ರವಾಗಲಿ ಇಲ್ಲದ ಈ ವ್ಯವಹಾರವನ್ನು ಇಂದಿನ ಆಯವ್ಯಯ ಪಟ್ಟಿಯು ಯಾವ ತಲೆಬರಹದಡಿ ಬರೆದುಕೊಂಡೀತು?

1964ರಲ್ಲಿ ಹುಟ್ಟಿದ ಬೆಂಗಳೂರು ವಿಶ್ವವಿದ್ಯಾನಿಲಯಕ್ಕೂ ಪ್ರಸಾರಾಂಗವುಂಟು. ಅದರ ಜ್ಞಾನಭಾರತಿ ಆವರಣಕ್ಕೂ ಹೊಸಹಳ್ಳಿಗೂ ದೂರ ಹೆಚ್ಚಿಲ್ಲ. ಒಂದೇ ಮೆಟ್ರೋ ಮಾರ್ಗದಲ್ಲಿ ಎರಡರ ಹೆಸರಿನ ನಿಲ್ದಾಣಗಳೂ ಇವೆ. ಹೆಸರಿನಲ್ಲಿ ಮಾತ್ರ ಹಳ್ಳಿಯಾಗಿ ಉಳಿದಿರುವ ಈ ಊರಿನ ಅಂಗಡಿಕಾರನೊಬ್ಬನು, ಇಲ್ಲಿದ್ದ ಹೊಲಗಳು ಬಡಾವಣೆಗಳಾದ ಬಗೆಯನ್ನು ಅರಿಯಬಯಸಿದರೆ, ಚರಿತ್ರೆಯ ಅಧ್ಯಾಪಕರು ಅವನಿಗೆ ಉತ್ತರ ಕೊಡಬೇಕಷ್ಟೆ. ವರ್ಷಕ್ಕೆ ನಾಲ್ಕು ಸಂಜೆ, ಹೊಸಹಳ್ಳಿಯ ಯಾವುದಾದರೊಂದು ಶಾಲೆಯ ಕೊಠಡಿಯಲ್ಲಿ, ನಮ್ಮ ವಿಭಾಗವು ಕನ್ನಡದಲ್ಲಿ ಇಂಥ ಉಪನ್ಯಾಸಗಳನ್ನು ಏರ್ಪಡಿಸುವುದಾದರೆ ತಗಲುವ ವೆಚ್ಚ ದೊಡ್ಡದಲ್ಲ.