ಹಾಪ್‌ಕಿಂಟನ್ ಇಳಿಜಾರು, ಇಪ್ಪತ್ತೈದನೇ ಮೈಲಿ

ಬಾಸ್ಟನ್ ಮ್ಯಾರಥಾನ್ ಓಡಲು ಎರಡು ದಾರಿ. ವಯಸ್ಸಿಗೆ ತಕ್ಕಂತೆ ಗೊತ್ತುಮಾಡಿದ ಸಮಯದೊಳಗೆ ಬೇರೊಂದು ಮ್ಯಾರಥಾನ್ ಮುಗಿಸಿ ಅರ್ಹತೆ ಗಳಿಸಬೇಕು. ಇಲ್ಲವೇ ಒಂದು ಸೇವಾಸಂಸ್ಥೆಗೆ ಹಣ ಕೂಡಿಸಿಕೊಡುವ ಹೊಣೆ ಹೊತ್ತು ಬಿಬ್, ಅಂದರೆ ಓಟದ ನಂಬರ್ ಚೀಟಿ, ಪಡೆಯಬೇಕು. ಈ ಎರಡನೆಯವರ ಬಗ್ಗೆ ವೇಗದ ಓಟಗಾರರಲ್ಲಿ ಕೆಲವರಿಗೆ ಒಳಗೊಳಗೇ ಅಸಮಾಧಾನ. ನಾವು ಬೆವರು ಸುರಿಸಿ ಪಡೆದದ್ದನ್ನು ಇವರು ಚಂದಾ ಎತ್ತಿ ಪಡೆದರು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಮೂರು ಗಂಟೆಯಲ್ಲಿ ಗುರಿ ಮುಟ್ಟಿದವರಿಗಿಂತ ಐದು ಗಂಟೆ ರಸ್ತೆಯ ಮೇಲಿದ್ದವರ ಮೈ ಕಡಿಮೆ ದಣಿದಿರುವುದಿಲ್ಲ. ಅದರ ಮೇಲೆ ಅವರು ತಿಂಗಳುಗಟ್ಟಲೆ ನೆಂಟರು, ಸಹೋದ್ಯೋಗಿಗಳು, ಹಳೆಯ ಸಹಪಾಠಿಗಳ ಮುಂದೆ ಕೈಚಾಚಿದವರು. ಸಂಕೋಚದ ಸ್ವಭಾವದವರಿಗೆ ಅದು ಮೂವತ್ತು ಕಿಲೋಮೀಟರ್ ಓಟಕ್ಕಿಂತ ಕಷ್ಟ.

ಇಂಥ ತಂಡಗಳಲ್ಲಿ ನನಗೆ ತುಂಬ ಗೌರವವಿರುವುದು ಬಾಸ್ಟನ್ನಿನ ಡೇನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಯ ತಂಡದ ಮೇಲೆ. 1990ರಿಂದ ಅದು ಓಡುತ್ತಿದೆ. ಕೂಡಿದ ಹಣವೆಲ್ಲ ಮೂಲ ಸಂಶೋಧನೆಗೆ ಹೋಗುತ್ತದೆ. ಬಯಸಿದ ಓಟಗಾರರನ್ನು ಅಲ್ಲಿ ಚಿಕಿತ್ಸೆ ಪಡೆಯುತ್ತಿರುವ ಮಗುವಿನೊಡನೆ ಜೊತೆಗೂಡಿಸುತ್ತಾರೆ. ತರಬೇತಿಯ ತಿಂಗಳುಗಳಲ್ಲಿ ಎರಡೂ ಮನೆಗಳಿಗೆ ಬಳಕೆ ಬೆಳೆಯುತ್ತದೆ. ಓಟದ ದಿನ ಆ ಮಕ್ಕಳು 25ನೇ ಮೈಲಿಯಲ್ಲಿ, ಗುರಿಗೆ ಇನ್ನು ಎರಡು ಕಿಲೋಮೀಟರ್ ಇರುವಲ್ಲಿ, ತಮ್ಮ ಓಟಗಾರರಿಗಾಗಿ ಕಾದಿರುತ್ತಾರೆ.

ಆ ಊರಿಗೂ ಮಕ್ಕಳ ಕ್ಯಾನ್ಸರಿಗೂ ಹಳೆಯ ನಂಟಿದೆ. 1947ರಲ್ಲಿ ಅಲ್ಲಿನ ಮಕ್ಕಳ ಆಸ್ಪತ್ರೆಯ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಅಮೈನಾಪ್ಟೆರಿನ್ ಎಂಬ ಔಷಧ ಕೊಟ್ಟರು. 16 ಮಕ್ಕಳಲ್ಲಿ 10 ಮಂದಿ ಚೇತರಿಸಿಕೊಂಡರು, ತಾತ್ಕಾಲಿಕವಾಗಿಯಾದರೂ. ಅಲ್ಲಿಯವರೆಗೆ ಆ ರೋಗಕ್ಕೆ ಔಷಧವೆಂಬುದೇ ಇರಲಿಲ್ಲ. ಅಮೈನಾಪ್ಟೆರಿನ್ ಒದಗಿಸಿದ್ದು ಲೆಡರ್ಲೆ ಪ್ರಯೋಗಾಲಯ; ಅಲ್ಲಿ ಈ ಸಂಶೋಧನೆಯನ್ನು ಮುನ್ನಡೆಸುತ್ತಿದ್ದವರು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅದರ ಬೆನ್ನಿಗೇ ಬಂದ ಮೆಥೋಟ್ರೆಕ್ಸೇಟ್ ಇವತ್ತಿಗೂ ಈ ಚಿಕಿತ್ಸೆಯ ಆಧಾರ. 1948ರ ಮೇ ತಿಂಗಳಲ್ಲಿ ಫಾರ್ಬರ್ ಅವರ ರೋಗಿಯಾಗಿದ್ದ ಹನ್ನೆರಡರ ಹುಡುಗನೊಬ್ಬನನ್ನು ‘ಜಿಮ್ಮಿ’ ಎಂದು ಕರೆದು ರೇಡಿಯೋದಲ್ಲಿ ಮಾತನಾಡಿಸಿದರು. ಕೇಳಿದವರು ಎರಡು ಲಕ್ಷ ಡಾಲರಿಗೂ ಹೆಚ್ಚು ಹಣ ಕಳಿಸಿದರು. ಆ ಹುಡುಗ ಬದುಕಿ, ಅಜ್ಜನಾಗಿ, 2001ರಲ್ಲಿ ತೀರಿಕೊಂಡ.

ಇನ್ನು ಹಾದಿಯ ಮಾತು. ಹಾಪ್‌ಕಿಂಟನ್‌ನಿಂದ ಬಾಯ್ಲ್‌ಸ್ಟನ್ ಬೀದಿಯವರೆಗಿನ 42.195 ಕಿಲೋಮೀಟರಿನಲ್ಲಿ ಒಟ್ಟು ಇಳಿತ 140 ಮೀಟರಿನಷ್ಟು. ಇಳಿಜಾರಿದ್ದರೆ ಸುಲಭ ಎಂದುಕೊಳ್ಳುತ್ತಾರೆ. ಬಾಸ್ಟನ್ ಕಾಲು ಮುರಿಯುವುದೇ ಇಳಿಜಾರಿನಲ್ಲಿ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆಯಬೇಕು. ಅದರ ಎಳೆಗಳು ಅಲ್ಲಲ್ಲಿ ಸಣ್ಣಗೆ ಹರಿಯುತ್ತವೆ. ಆಗ ಏನೂ ಗೊತ್ತಾಗುವುದಿಲ್ಲ. 26ನೇ ಕಿಲೋಮೀಟರ್ ಹೊತ್ತಿಗೆ ನ್ಯೂಟನ್ನಿನ ನಾಲ್ಕು ಏರುಗಳು ಶುರುವಾದಾಗ ಗೊತ್ತಾಗುತ್ತದೆ. ಕೊನೆಯ ಏರಿಗೆ ಹಾರ್ಟ್‌ಬ್ರೇಕ್ ಹಿಲ್ ಎಂದು ಹೆಸರು. ಎತ್ತರ ಮೂವತ್ತು ಮೀಟರೂ ಇಲ್ಲ. ಚಾಮುಂಡಿ ಬೆಟ್ಟ ಹತ್ತಿದವರಿಗೆ ಅದು ದಿಬ್ಬ. ಆದರೆ ಅದು ಎದುರಾಗುವುದು ಮೈಯೊಳಗಿನ ಇಂಧನವಾದ ಗ್ಲೈಕೋಜನ್ ಖಾಲಿಯಾಗುವ ಹೊತ್ತಿಗೆ. ಹಾಗಾಗಿ ಬಾಸ್ಟನ್ನಿಗೆ ಹೊರಟ ಮೈಸೂರಿನವರಿಗೆ ನನ್ನ ಸಲಹೆ ಇಷ್ಟೇ: ಬೆಟ್ಟವನ್ನು ನಡೆದು ಹತ್ತಿ, ಡಾಂಬರು ರಸ್ತೆಯಲ್ಲಿ ಸಣ್ಣ ಹೆಜ್ಜೆಯಿಟ್ಟು ಓಡಿಕೊಂಡು ಇಳಿಯಿರಿ.

ಓಟ ಏಪ್ರಿಲ್‌ನ ಮೂರನೇ ಸೋಮವಾರ. ಅಲ್ಲಿನವರು ಹಿಮದಲ್ಲಿ ತಯಾರಾಗುತ್ತಾರೆ, ನಮ್ಮವರು ಮಾರ್ಚಿನ ಬಿಸಿಲಲ್ಲಿ. ಹದಿನಾರರಿಂದ ಇಪ್ಪತ್ತು ವಾರ ಬೇಕು. ಆರಂಭದ ವಾರಗಳಲ್ಲಿ ಹುರುಪಿರುತ್ತದೆ, ಕೊನೆಯಲ್ಲಿ ದಿನ ಎಣಿಸುವ ತವಕ. ಓಟಗಾರರು ಸೋಲುವುದು ನಡುವಿನ ವಾರಗಳಲ್ಲಿ. ಪಕ್ಕದವರೊಡನೆ ಮಾತಾಡುತ್ತಾ ಓಡಬಹುದಾದ ನಿಧಾನದ ಓಟಗಳವು. ಯಾರೂ ಭೇಷ್ ಎನ್ನುವುದಿಲ್ಲ. ಭಾನುವಾರದ ಲಾಂಗ್ ರನ್ ಒಂದೆರಡು ಕಿಲೋಮೀಟರ್ ಬೆಳೆಯುತ್ತದೆ, ನಾಲ್ಕನೇ ವಾರ ತಗ್ಗುತ್ತದೆ, ಮತ್ತೆ ಬೆಳೆಯುತ್ತದೆ. ಪದಕ ತಯಾರಾಗುವುದು ಅಲ್ಲಿಯೇ.

ಮಕ್ಕಳ ರಕ್ತದ ಕ್ಯಾನ್ಸರಿನ ಚಿಕಿತ್ಸೆಯಲ್ಲೂ ಅಪಾಯವಿರುವುದು ಇಂಥ ನಡುವಿನ ತಿಂಗಳುಗಳಲ್ಲೇ ಎಂಬುದನ್ನು ಹಣ ಎತ್ತುವವರು ತಿಳಿದಿರಬೇಕು. ಮೊದಲ ತಿಂಗಳಿನ ಕೀಮೋ ಮುಗಿಯುವಷ್ಟರಲ್ಲಿ ಬಹಳಷ್ಟು ಮಕ್ಕಳ ರಕ್ತದಲ್ಲಿ ರೋಗ ಕಾಣಿಸುವುದೇ ಇಲ್ಲ. ಮಗು ಆಡುತ್ತದೆ, ಉಣ್ಣುತ್ತದೆ. ಆದರೂ ಎರಡು ವರ್ಷಕ್ಕೂ ಮಿಕ್ಕಿ ಔಷಧ ನಡೆಯಬೇಕು: ದಿನವೂ ಮರ್ಕ್ಯಾಪ್ಟೊಪ್ಯೂರಿನ್, ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್, ಆಗಾಗ ಆಸ್ಪತ್ರೆ. ರಾಯಚೂರಿನಿಂದಲೋ ಕಲಬುರಗಿಯಿಂದಲೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಬರುವ ತಂದೆತಾಯಿಯ ಕೂಲಿ ತಪ್ಪುತ್ತದೆ, ಬಸ್ಸಿನ ದುಡ್ಡು ಬೇಕು, ಊರಲ್ಲಿ ಇನ್ನೊಂದು ಮಗು ಇರುತ್ತದೆ. ಮಗು ಚೆನ್ನಾಗಿದೆಯಲ್ಲ ಎಂದು ನಿಲ್ಲಿಸಿಬಿಡುತ್ತಾರೆ. ರೋಗ ಮರಳುತ್ತದೆ. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇ 80ಕ್ಕೂ ಹೆಚ್ಚು ಗುಣವಾಗುತ್ತಾರೆ, ಅನೇಕ ಬಡ ದೇಶಗಳಲ್ಲಿ ಶೇ 30ಕ್ಕಿಂತ ಕಡಿಮೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2030ರೊಳಗೆ ಜಗತ್ತಿನಲ್ಲಿ ಕನಿಷ್ಠ ಶೇ 60 ಮಕ್ಕಳಾದರೂ ಉಳಿಯಬೇಕೆಂಬುದು ಅದು 2018ರಲ್ಲಿ ಇಟ್ಟುಕೊಂಡ ಗುರಿ. ಅರ್ಧಕ್ಕೇ ನಿಂತುಹೋಗುವ ಚಿಕಿತ್ಸೆ ಈ ಅಂತರಕ್ಕೆ ಒಂದು ದೊಡ್ಡ ಕಾರಣ.

ಬಾಸ್ಟನ್ನಿನ ಹಣ ಪ್ರಯೋಗಾಲಯಕ್ಕೆ ಹೋಗುವುದು ಅಲ್ಲಿಗೆ ಸರಿ. ನಮ್ಮಲ್ಲಿ ಓಡಿ ಕೂಡಿಸುವ ಹಣ ಮೊದಲು ಹೋಗಬೇಕಾದದ್ದು ಆಸ್ಪತ್ರೆಯ ಬಳಿ ತಂಗಲು ಕೋಣೆ, ಎರಡು ಹೊತ್ತಿನ ಊಟ, ಬಸ್ ಚಾರ್ಜು, ತಪ್ಪಿಸಿಕೊಂಡವರಿಗೆ ಫೋನ್ ಮಾಡಿ ಮರಳಿ ಕರೆಸುವ ಒಬ್ಬ ಸಮಾಜಕಾರ್ಯಕರ್ತೆಯ ಸಂಬಳಕ್ಕೆ. ಸಂಸ್ಥೆಯನ್ನು ಆರಿಸುವಾಗ ಇದನ್ನು ಕೇಳಿಯೇ ಆರಿಸಿ. ನೋಂದಣಿ, ಶೂ, ವಿಮಾನದ ಟಿಕೆಟ್ ನಿಮ್ಮ ಜೇಬಿನದೇ ಆಗಿರಲಿ. ಹಣ ಕೇಳುವುದನ್ನು ತರಬೇತಿಯ ಮೊದಲ ವಾರದಲ್ಲೇ ಶುರುಮಾಡಿ. ಎಲ್ಲರಿಗೂ ಒಂದೇ ಸಂದೇಶ ಕಳಿಸದೆ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಬರೆಯಿರಿ. ಕೂದಲುದುರಿದ ಮಗುವಿನ ಫೋಟೊ ಹಾಕಿ ಕನಿಕರ ಹುಟ್ಟಿಸಬೇಡಿ. ನೆಗಡಿ, ಕೆಮ್ಮು ಇದ್ದಾಗ ಮಕ್ಕಳ ವಾರ್ಡಿನ ಹತ್ತಿರ ಸುಳಿಯಬೇಡಿ. ಕೀಮೋ ಪಡೆಯುವ ಮಗುವಿಗೆ ಸಣ್ಣ ಸೋಂಕೂ ಪ್ರಾಣಕ್ಕೆ ಬರಬಹುದು.

ಓಟ ಮುಗಿದ ಮೇಲೂ ಒಂದು ಕೆಲಸವಿದೆ. ಕೀಮೋ ನಡೆಯುವಾಗ ಮಕ್ಕಳಿಗೆ ಪದೇಪದೇ ಪ್ಲೇಟ್‌ಲೆಟ್ ಬೇಕಾಗುತ್ತದೆ. ಅದನ್ನು ಕಾರ್ಖಾನೆಯಲ್ಲಿ ತಯಾರಿಸಲಾಗದು, ಕೂಡಿಟ್ಟರೂ ಐದು ದಿನಕ್ಕಿಂತ ಹೆಚ್ಚು ಉಳಿಯದು. ತರಬೇತಿಯ ನಡುವೆ ಬೇಡ. ದಣಿವಾರಿ, ವೈದ್ಯರು ಸರಿ ಎಂದ ಮೇಲೆ ನಿಮ್ಮೂರಿನ ರಕ್ತನಿಧಿಗೆ ಹೋಗಿ ಪ್ಲೇಟ್‌ಲೆಟ್ ದಾನಿಗಳ ಪಟ್ಟಿಯಲ್ಲಿ ಹೆಸರು ಬರೆಸಿ.